ಬರೀ 12 ವೋಲ್ಟ್ ಅಂತ ಹಗುರ ಮಾಡಬೇಡಿ: ಕರಗಿದ ಕನೆಕ್ಟರ್ ಕಥೆ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆಲ್ಲ ಇವತ್ತು ನನ್ನದೇ ಎಡವಟ್ಟು ಹೇಳ್ತೀನಿ.

ನಿಟ್ಟುವಳ್ಳಿಯ ಒಂದು ಅಂಗಡಿಗೆ ಎಲ್‌ಇಡಿ ಬೋರ್ಡ್ ಮಾಡಿಕೊಟ್ಟಿದ್ದೆ. 12 ವೋಲ್ಟ್ ಎಸ್‌ಎಂಪಿಎಸ್, ಆರು ಲೈನ್, ಒಂದೊಂದಕ್ಕೆ 3 ಆಂಪಿಯರ್. ಹಂಚೋಕೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತಲ್ಲ, ಪ್ಲಾಸ್ಟಿಕ್ ಸ್ಟ್ರಿಪ್ ಕನೆಕ್ಟರ್, ಅದನ್ನೇ ಹಾಕಿದೆ. ಮೇಲೆ 15 ಆಂಪಿಯರ್ ಅಂತ ಇತ್ತು. ಮೂರಕ್ಕೆ ಹದಿನೈದು, ಧಾರಾಳ ಅಂದುಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಫೋನು. “ತಮ್ಮಾ, ಬೋರ್ಡಿನ ಡಬ್ಬಿಯಿಂದ ಸುಟ್ಟ ವಾಸ್ನೆ ಬರ್ತೈತೆ, ಬೇಗ ಬಾರಪ್ಪ.” ಹೋಗಿ ತೆಗೆದರೆ ಮೊದಲನೇ ಸ್ಕ್ರೂ ಸುತ್ತ ಪ್ಲಾಸ್ಟಿಕ್ ಕರಗಿತ್ತು. ಉಳಿದ ಐದು ಹೊಸದರ ಹಾಗೇ ಇದ್ವು. 20 ಆಂಪಿಯರ್ ಫ್ಯೂಸ್ ಹೋಗಿರಲೇ ಇಲ್ಲ.

ತಪ್ಪು ಎಲ್ಲಿ? ಎಸ್‌ಎಂಪಿಎಸ್ ವೈರು ಮೊದಲ ಸ್ಕ್ರೂಗೆ ಕೊಟ್ಟು, ಅಲ್ಲಿಂದ ಎರಡನೇದಕ್ಕೆ, ಮೂರನೇದಕ್ಕೆ ಅಂತ ತುಂಡು ವೈರಲ್ಲಿ ಲೂಪ್ ಮಾಡಿದ್ದೆ. ಅಂದ್ರೆ ಆರೂ ಲೈನಿನ 18 ಆಂಪಿಯರ್ ಆ ಒಂದೇ ಸ್ಕ್ರೂ ಮೇಲೆ. ಜೊತೆಗೆ ವೈರಿನ ತುದಿಗೆ ಬೆಸುಗೆ ಹಾಕಿ ಗಟ್ಟಿ ಮಾಡಿದ್ದೆ, ನೀಟಾಗಿ ಕಾಣುತ್ತೆ ಅಂತ. ಬೆಸುಗೆಯ ಲೋಹ ಮೆತ್ತಗೆ. ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಜಾರುತ್ತೆ, ಹಿಡಿತ ಸಡಿಲ ಆಗುತ್ತೆ.

ಸಡಿಲ ಆದ ಜಾಗದಲ್ಲಿ 0.03 ಓಮ್ ರೋಧ ಅಂದುಕೊಳ್ಳಿ. ಕರೆಂಟಿನ ವರ್ಗವನ್ನ ರೋಧದಿಂದ ಗುಣಿಸಿದರೆ ಸುಮಾರು 10 ವ್ಯಾಟ್ ಬಿಸಿ, ಒಂದು ಚುಕ್ಕೆಯಲ್ಲಿ. ಇದೇ 216 ವ್ಯಾಟ್ ಲೋಡು 230 ವೋಲ್ಟಲ್ಲಿ ಓಡಿದ್ದರೆ ಕರೆಂಟ್ 1 ಆಂಪಿಯರ್ ಕೂಡ ಆಗ್ತಿರಲಿಲ್ಲ. ಅದೇ ಸಡಿಲ ಸ್ಕ್ರೂನಲ್ಲಿ 0.03 ವ್ಯಾಟ್ ಒಳಗೇ ಇರ್ತಿತ್ತು. ಕಡಿಮೆ ವೋಲ್ಟೇಜ್ ಶಾಕ್ ಹೊಡೆಯಲ್ಲ ನಿಜ, ಆದರೆ ಬೆಂಕಿ ಹಚ್ಚಬಲ್ಲದು. ಫ್ಯೂಸಿಗೆ ಇದು ಕಾಣೋದೇ ಇಲ್ಲ, ಯಾಕಂದ್ರೆ ಹರೀತಿರೋ ಕರೆಂಟ್ ಸರಿಯಾಗೇ ಇದೆ.

ನನ್ನ ಖರ್ಚಲ್ಲೇ ಹೊಸದಾಗಿ ಮಾಡಿಕೊಟ್ಟೆ. 35 ಮಿಲಿಮೀಟರ್ ಡಿನ್ ರೈಲು, ಅದರ ಮೇಲೆ 4 ಸ್ಕ್ವೇರ್ ಎಂಎಂ ಟರ್ಮಿನಲ್. ಇವು ಸಾಮಾನ್ಯವಾಗಿ 32 ಆಂಪಿಯರ್ ತಡೀತವೆ. ತುಂಡು ವೈರಿನ ಬದಲು ಅದೇ ಕಂಪನಿಯ ಜಂಪರ್ ಪಟ್ಟಿ. ಸಪ್ಲೈ ವೈರನ್ನ ಸಾಲಿನ ತುದಿಗಲ್ಲ, ನಡುವೆ ಕೊಟ್ಟೆ. ಕರೆಂಟ್ ಎರಡೂ ಕಡೆ ಹಂಚಿಕೊಂಡು ಹೋಗುತ್ತೆ. ವೈರಿನ ತುದಿಗೆ ಬೆಸುಗೆ ಬಿಟ್ಟು ಪಿನ್ ಲಗ್ ಒತ್ತಿದೆ. ಪ್ರತಿ ಲೈನಿಗೂ 5 ಆಂಪಿಯರ್ ಫ್ಯೂಸ್, ಅದು ಸಣ್ಣ ವೈರನ್ನ ಕಾಯೋಕೆ. ನೆಗೆಟಿವ್ ಕಡೆಗೂ ಇಷ್ಟೇ ದಪ್ಪದ ಟರ್ಮಿನಲ್. ವಾಪಸ್ ಬರೋದೂ ಅದೇ 18 ಆಂಪಿಯರ್ ಅಲ್ವಾ, ಇದನ್ನ ತುಂಬಾ ಜನ ಮರೀತಾರೆ.

ವಾರ ಬಿಟ್ಟು ಹೋಗಿ, ಆಫ್ ಮಾಡಿ, ಎಲ್ಲ ಸ್ಕ್ರೂ ತಿರುಗಿಸಿ ನೋಡಿದೆ. ಒಂದೂ ಅಲ್ಲಾಡಲಿಲ್ಲ. ಅಂಗಡಿ ಅಣ್ಣ ಮಾತ್ರ ಈಗಲೂ ಶಟರ್ ಎಳೆಯೋ ಮುಂಚೆ ಡಬ್ಬಿ ಹತ್ತಿರ ಒಮ್ಮೆ ಮೂಸಿ ನೋಡೇ ಹೋಗೋದು.