ಸೇನಾ ವಾಹನಗಳ ಶಾಖೋಪಕರಣ: ದೇಶ ದೇಶಗಳ ಸಹಕಾರವೂ ನಮ್ಮ ಉದ್ದಿಮೆಗಳ ಪಾಲೂ

ವಾಹನವನ್ನು ಬೆಚ್ಚಗಿಡುವ ಉಪಕರಣವೆಂದರೆ ಕರ್ನಾಟಕದ ಉದ್ಯಮಿಗೆ ದೂರದ ಮಾತೆನಿಸುವುದು ಸಹಜ. ನಮ್ಮ ಬಸ್ಸು, ಕಾರುಗಳಿಗೆ ಬೇಕಾದುದು ತಂಪೇ ಹೊರತು ಬಿಸಿಯಲ್ಲ. ಆದರೂ ಈ ವಿಷಯದ ಒಂದು ಎಳೆ ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದವರೆಗೆ ಬಂದಿದೆ. ಅಂದಿನ ಭಾರತ್ ಅರ್ಥ್ ಮೂವರ್ಸ್, ಇಂದಿನ ಬಿಇಎಂಎಲ್ ಸಂಸ್ಥೆಯು 1986ರಲ್ಲಿ ಚೆಕೊಸ್ಲೊವಾಕಿಯಾದ ಓಮ್ನಿಪೋಲ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಸೇನೆಗಾಗಿ ಟಾಟ್ರಾ ಟ್ರಕ್ಕುಗಳನ್ನು ತಯಾರಿಸತೊಡಗಿತು. ಟಾಟ್ರಾದ ಎಂಜಿನ್ನು ಗಾಳಿಯಿಂದ ತಂಪಾಗುವ ಬಗೆಯದು. ಸಾಮಾನ್ಯ ಲಾರಿಯಲ್ಲಿ ಎಂಜಿನ್ನಿನ ಬಿಸಿನೀರನ್ನೇ ಕೊಳವೆಯ ಮೂಲಕ ಹರಿಸಿ ಚಾಲಕನ ಕ್ಯಾಬಿನ್ನನ್ನು ಬೆಚ್ಚಗಾಗಿಸಬಹುದು. ಇಲ್ಲಿ ಆ ನೀರೇ ಇಲ್ಲ. ಆದ್ದರಿಂದ ಡೀಸೆಲನ್ನು ನೇರವಾಗಿ ಉರಿಸಿ ಶಾಖ ನೀಡುವ ಪ್ರತ್ಯೇಕ ಹೀಟರ್ ಇಂತಹ ವಾಹನಕ್ಕೆ ಅಲಂಕಾರವಲ್ಲ, ಅವಶ್ಯಕತೆ.

ಒಪ್ಪಂದದ ಮುಂದಿನ ಕಥೆಯೂ ಗಮನಾರ್ಹ. 1993ರ ಜನವರಿ 1ರಂದು ಚೆಕೊಸ್ಲೊವಾಕಿಯಾ ಎರಡು ದೇಶಗಳಾಗಿ ಒಡೆಯಿತು. ಟಾಟ್ರಾ ಕಾರ್ಖಾನೆಯು ಹಲವು ಬಾರಿ ಕೈ ಬದಲಾಯಿಸಿ, 2013ರಲ್ಲಿ ಹರಾಜಾಯಿತು. ಆದರೆ ಸೇನೆಯ ಟ್ರಕ್ಕಾದರೂ ಇಪ್ಪತ್ತು ಮೂವತ್ತು ವರ್ಷ ಓಡಬೇಕಾದುದು. ಒಪ್ಪಂದದ ಆಯುಸ್ಸಿಗಿಂತ ವಾಹನದ ಆಯುಸ್ಸು ದೀರ್ಘವಾದಾಗ ಬಿಡಿಭಾಗಗಳನ್ನು ಯಾರು, ಯಾವ ನಕ್ಷೆಯ ಆಧಾರದ ಮೇಲೆ ತಯಾರಿಸಬೇಕೆಂಬುದು ಮೊದಲ ದಿನವೇ ಇತ್ಯರ್ಥವಾಗಬೇಕಾದ ಪ್ರಶ್ನೆ.

ಚಳಿಯು ಮಾಡುವ ಹಾನಿ

ಡೀಸೆಲಿನಲ್ಲಿ ಮೇಣದ ಅಂಶವಿರುತ್ತದೆ. ಚಳಿ ಹೆಚ್ಚಿದಂತೆ ಅದು ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಭಾರತೀಯ ಮಾನಕ 1460ರ ಪ್ರಕಾರ ಚಳಿಗಾಲದ ಸಾಮಾನ್ಯ ಡೀಸೆಲಿನ ಹರಿಯುವ ಗುಣಕ್ಕೆ ವಿಧಿಸಿರುವ ಮಿತಿ 3 ಡಿಗ್ರಿ ಸೆಲ್ಸಿಯಸ್. ಲಡಾಖಿನ ಚಳಿಗಾಲಕ್ಕೆ ಇದು ಏನೇನೂ ಸಾಲದು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಅಲ್ಲಿಗಾಗಿಯೇ ಬಿಡುಗಡೆ ಮಾಡಿತು. ಇಂಧನ ಹರಿದರೂ ತೊಂದರೆ ಮುಗಿಯದು. ಸೀಸ-ಆಮ್ಲ ಬ್ಯಾಟರಿಯ ಶಕ್ತಿ ಮೈನಸ್ 18 ಡಿಗ್ರಿಯಲ್ಲಿ ಸುಮಾರು ಅರ್ಧಕ್ಕಿಳಿಯುತ್ತದೆ. ಅದೇ ವೇಳೆಗೆ ಗಟ್ಟಿಯಾದ ಎಣ್ಣೆಯಿಂದಾಗಿ ಎಂಜಿನ್ನನ್ನು ತಿರುಗಿಸಲು ಬೇಕಾದ ಬಲ ಏರುತ್ತದೆ.

ಎಂಜಿನ್ನನ್ನು ರಾತ್ರಿಯಿಡೀ ಚಾಲೂ ಇಡುವುದು ಹಳೆಯ ಉಪಾಯ. ಭಾರಿ ಲಾರಿಯ ಎಂಜಿನ್ನು ನಿಂತಲ್ಲೇ ಓಡಿದರೆ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಬೇಕು. 2 ಕಿಲೋವಾಟ್ ಶಾಖ ನೀಡುವ ಹೀಟರಿಗಾದರೋ ಗಂಟೆಗೆ ಕಾಲು ಲೀಟರಿನಷ್ಟು ಸಾಕು. ಸದ್ದೂ ಕಡಿಮೆ. ಬೆಟ್ಟದ ತುದಿಗೆ ಹೊತ್ತೊಯ್ದ ಒಂದೊಂದು ಲೀಟರಿಗೂ ಸಾಗಣೆಯ ವೆಚ್ಚ ಸೇರಿರುವುದರಿಂದ ಈ ವ್ಯತ್ಯಾಸವು ಸೇನೆಯ ಲೆಕ್ಕಪತ್ರದಲ್ಲಿ ಬಹು ದೊಡ್ಡದು.

ಯುದ್ಧವು ಕಲಿಸಿದ್ದು

1941ರ ಚಳಿಗಾಲದಲ್ಲಿ ಮಾಸ್ಕೋದ ಹೊಸ್ತಿಲಲ್ಲಿ ಜರ್ಮನ್ ಟ್ಯಾಂಕುಗಳು ಚಾಲೂ ಆಗದೆ ನಿಂತಾಗ ಸೈನಿಕರು ಎಂಜಿನ್ನಿನ ಕೆಳಗೆ ಬೆಂಕಿ ಹಾಕಬೇಕಾಯಿತು. ಮುಂದೆ ಓಡುತ್ತಿರುವ ಒಂದು ಟ್ಯಾಂಕಿನ ಬಿಸಿನೀರನ್ನು ಕೊಳವೆಯಿಂದ ಇನ್ನೊಂದಕ್ಕೆ ಹರಿಸಿ ಅದನ್ನು ಎಚ್ಚರಗೊಳಿಸುವ ಜೋಡಣೆಯನ್ನು ಅವರು ಅಳವಡಿಸಿದರು. ಸೋವಿಯತ್ತಿನ ಟಿ-34 ಟ್ಯಾಂಕಿಗೆ ಒತ್ತಿದ ಗಾಳಿಯಿಂದ ಎಂಜಿನ್ನನ್ನು ಚಾಲೂ ಮಾಡುವ ವ್ಯವಸ್ಥೆ ಮೊದಲೇ ಇತ್ತು. ನಂತರದ ಸೋವಿಯತ್ ಟ್ಯಾಂಕುಗಳಲ್ಲಿ ಇಂಧನ ಉರಿಸಿ ನೀರನ್ನೂ ಎಣ್ಣೆಯನ್ನೂ ಮುಂಚಿತವಾಗಿ ಕಾಯಿಸುವ ಸಾಧನ ವಾಹನದ ಅಂಗವೇ ಆಯಿತು. ಆವಡಿಯಲ್ಲಿ ಪರವಾನಗಿಯ ಮೇರೆಗೆ ತಯಾರಾದ ಟಿ-72 ಟ್ಯಾಂಕಿನೊಡನೆ ಆ ಪದ್ಧತಿ ನಮ್ಮ ದೇಶಕ್ಕೂ ಬಂದಿತು.

ಪಶ್ಚಿಮ ಯುರೋಪಿನಲ್ಲಿ ಈ ವಿದ್ಯೆ ಬೆಳೆದುದು ನಾಗರಿಕ ವಾಹನಗಳ ಮೂಲಕ. ಇಂದು ಈ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿರುವ ಎಬರ್‌ಸ್ಪೆಖರ್ ಮತ್ತು ವೆಬಾಸ್ಟೋ ಎರಡೂ ಜರ್ಮನಿಯ ಎಸ್ಲಿಂಗನ್ ಎಂಬ ಒಂದೇ ಊರಿನಲ್ಲಿ ಹುಟ್ಟಿದ ಸಂಸ್ಥೆಗಳು. ಮೊದಲನೆಯದು 1865ರಲ್ಲಿ ತಗಡಿನ ಕೆಲಸದ ಅಂಗಡಿಯಾಗಿ ಆರಂಭವಾಯಿತು. ಎರಡನೆಯದು 1901ರಲ್ಲಿ ಸ್ಥಾಪನೆಯಾಗಿ, ಕೆಲವು ವರ್ಷಗಳ ನಂತರ ಮ್ಯೂನಿಕ್ ಬಳಿಯ ಸ್ಟಾಕ್‌ಡಾರ್ಫ್‌ಗೆ ನೆಲೆ ಬದಲಿಸಿತು. ಇವು ಲಾರಿ, ಬಸ್ಸುಗಳಿಗಾಗಿ ತಯಾರಿಸುವ ಹೀಟರೇ ಅಲ್ಪಸ್ವಲ್ಪ ಮಾರ್ಪಾಡಿನೊಂದಿಗೆ ಸೇನಾ ವಾಹನಕ್ಕೂ ಸಲ್ಲುತ್ತದೆ. ಸೇನೆಯೊಂದರ ಬೇಡಿಕೆ ವರ್ಷಕ್ಕೆ ಕೆಲವು ನೂರು ಇರಬಹುದು. ಅದಕ್ಕಾಗಿಯೇ ಅಚ್ಚು, ಎರಕ, ವಿದ್ಯುನ್ಮಾನ ಫಲಕಗಳನ್ನು ಹೊಸದಾಗಿ ಸಿದ್ಧಪಡಿಸಿದರೆ ಗಿಟ್ಟುವುದಿಲ್ಲ. ಈ ಕ್ಷೇತ್ರದಲ್ಲಿ ದೇಶ ದೇಶಗಳು ಕೈಜೋಡಿಸುವುದಕ್ಕೆ ಮೈತ್ರಿಗಿಂತ ಮುಖ್ಯ ಕಾರಣ ಈ ಲೆಕ್ಕಾಚಾರವೇ.

ಪೆಟ್ಟಿಗೆಯ ಒಳಗೇನಿದೆ?

ಇಂಧನವನ್ನು ತೊಟ್ಟು ತೊಟ್ಟಾಗಿ ಅಳೆದು ಕೊಡುವ ಸಣ್ಣ ಪಂಪು, ಅದನ್ನು ಹೊತ್ತಿಸುವ ಕೆಂಡಕಡ್ಡಿ ಅಥವಾ ಗ್ಲೋ ಪಿನ್, ದಹನಕ್ಕೆ ಗಾಳಿ ಊದುವ ಬ್ಲೋವರ್, ಜ್ವಾಲೆಯ ಶಾಖವನ್ನು ಗಾಳಿಗೋ ನೀರಿಗೋ ದಾಟಿಸುವ ಶಾಖ ವಿನಿಮಯಕ, ಇವೆಲ್ಲವನ್ನೂ ನಡೆಸುವ ನಿಯಂತ್ರಣ ಫಲಕ, ಇಷ್ಟೇ. ದಹನದ ಗಾಳಿ ಹೊರಗಿನಿಂದ ಬಂದು ಹೊಗೆಯಾಗಿ ಹೊರಗೇ ಹೋಗಬೇಕು. ಒಳಗಿನ ಗಾಳಿಯೊಡನೆ ಅದು ಎಲ್ಲಿಯೂ ಬೆರೆಯಕೂಡದು. ವಿನಿಮಯಕದಲ್ಲಿ ಕೂದಲೆಳೆಯ ಬಿರುಕೊಂದು ಮೂಡಿದರೂ ಮುಚ್ಚಿದ ವಾಹನದೊಳಗೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು, ಮಲಗಿದ ಸೈನಿಕರು ಏಳದಿರಬಹುದು. ಎರಕದ ಗುಣಮಟ್ಟದಲ್ಲಿ ರಾಜಿಯಿಲ್ಲವೆಂದು ಖರೀದಿದಾರರು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ.

ಸಹಕಾರವೆಂದರೆ ಯಾವುದರಲ್ಲಿ?

ಎರಡು ದೇಶಗಳ ತಂತ್ರಜ್ಞರು ಒಂದೇ ಮೇಜಿನ ಸುತ್ತ ಕುಳಿತು ಹೊಸ ಹೀಟರ್ ರಚಿಸುವ ಚಿತ್ರ ಮನಸ್ಸಿಗೆ ಬರಬಹುದು. ವಾಸ್ತವದಲ್ಲಿ ಹೆಚ್ಚಿನ ಸಹಕಾರ ನಡೆಯುವುದು ಅದಕ್ಕೂ ಮೊದಲು, ಷರತ್ತುಗಳನ್ನು ಒಂದೇ ಭಾಷೆಯಲ್ಲಿ ಬರೆಯುವುದರಲ್ಲಿ.

ಮೊದಲನೆಯದು ಚಳಿಯ ಅಳತೆ. ನ್ಯಾಟೋ ಒಡಂಬಡಿಕೆಗಳು ಜಗತ್ತಿನ ಚಳಿಯನ್ನು ದರ್ಜೆಗಳಾಗಿ ವಿಂಗಡಿಸಿವೆ. ಮೈನಸ್ 32, ಮೈನಸ್ 46, ಮೈನಸ್ 51 ಎಂಬಂತೆ ಒಂದೊಂದು ದರ್ಜೆಗೂ ಕೆಳಮಿತಿಯಿದೆ. ದರ್ಜೆಯ ಹೆಸರು ಹೇಳಿದರೆ ನಾರ್ವೆಯ ಖರೀದಿದಾರನಿಗೂ ಜರ್ಮನಿಯ ತಯಾರಕನಿಗೂ ಒಂದೇ ಅರ್ಥ. ಇನ್ನು ಇಂಧನ. 1980ರ ದಶಕದಲ್ಲಿ ನ್ಯಾಟೋ ರಾಷ್ಟ್ರಗಳು ವಿಮಾನಕ್ಕೂ ವಾಹನಕ್ಕೂ ಎಫ್-34 ಎಂಬ ಒಂದೇ ಇಂಧನವೆಂಬ ನೀತಿಯತ್ತ ತಿರುಗಿದವು. ಸೀಮೆಎಣ್ಣೆಯ ಜಾತಿಗೆ ಸೇರಿದ ಇದು ಮೈನಸ್ 47 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಆದರೆ ಡೀಸೆಲಿಗಿಂತ ತೆಳುವಾದುದರಿಂದ ಪಂಪಿನ ಅಳತೆ ತಪ್ಪಬಹುದು. ಲೀಟರಿಗೆ ಸಿಗುವ ಶಾಖವೂ ತುಸು ಕಡಿಮೆ. ಎರಡೂ ಇಂಧನಗಳನ್ನು ಬಿಡಿಭಾಗ ಬದಲಿಸದೆ ಉರಿಸಬಲ್ಲ ಹೀಟರನ್ನು ಕೇಳುವುದು ಇದರಿಂದಾಗಿ ವಾಡಿಕೆಯಾಯಿತು. ಸೇನಾ ವಾಹನದ ವಿದ್ಯುತ್ತು 24 ವೋಲ್ಟಿನದು. ಅದರ ಏರಿಳಿತವನ್ನು ತಾಳಬೇಕು, ರೇಡಿಯೋ ಸಂಪರ್ಕಕ್ಕೆ ಅಡ್ಡಿಯಾಗಬಾರದು ಎಂಬ ಷರತ್ತುಗಳೂ ಉಂಟು.

ಇವುಗಳ ಜೊತೆಗೆ ನಾಗರಿಕ ನಿಯಮವೊಂದಿದೆ. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ವಾಹನ ನಿಯಮ 122, ಹೀಟರುಗಳ ಸುರಕ್ಷತೆ ಮತ್ತು ಹೊಗೆಯ ಬಗ್ಗೆ 2006ರಿಂದ ಜಾರಿಯಲ್ಲಿದೆ. ರಫ್ತುದಾರರು ಇಲ್ಲೊಂದು ಸೂಕ್ಷ್ಮವನ್ನು ಅರಿತಿರಬೇಕು. ಆ ನಿಯಮವು 1958ರ ಒಡಂಬಡಿಕೆಯ ಅಂಗ. ಒಂದು ಸದಸ್ಯ ರಾಷ್ಟ್ರ ಕೊಟ್ಟ ಅನುಮೋದನೆಯನ್ನು ಆ ನಿಯಮ ಪಾಲಿಸುವ ಇತರ ಸದಸ್ಯರು ಒಪ್ಪುವುದೇ ಅದರ ತಿರುಳು. ಭಾರತವು 2006ರಲ್ಲಿ ಸೇರಿದ್ದು 1998ರ ಇನ್ನೊಂದು ಒಡಂಬಡಿಕೆಗೆ, ಅದರಲ್ಲಿ ಇಂತಹ ಪರಸ್ಪರ ಮಾನ್ಯತೆಯಿಲ್ಲ. ಇಲ್ಲಿ ಪಡೆದ ಪ್ರಮಾಣಪತ್ರ ಅಲ್ಲಿ ತಾನಾಗಿ ನಡೆಯುವುದಿಲ್ಲ.

ನಮ್ಮ ಚಳಿಯ ಬಗೆಯೇ ಬೇರೆ

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ಯುರೋಪಿನ ಕಡು ಚಳಿ ಇರುವುದು ಬಹುಮಟ್ಟಿಗೆ ತಗ್ಗುನೆಲದಲ್ಲಿ. ಆಲ್ಪ್ಸ್ ಪರ್ವತದ ಅತಿ ಎತ್ತರದ ಘಟ್ಟದ ರಸ್ತೆಗಳೂ 2,800 ಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತವೆ. ನಮ್ಮ ಲೇಹ್ ಪಟ್ಟಣವೇ 3,500 ಮೀಟರ್ ಎತ್ತರದಲ್ಲಿದೆ. ಖಾರ್ದುಂಗ್ ಲಾ ಘಟ್ಟ 5,300 ಮೀಟರನ್ನು ಮೀರಿದೆ. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡಾ 65ರಷ್ಟು, 4,500 ಮೀಟರಿನಲ್ಲಿ ಶೇಕಡಾ 57, ಖಾರ್ದುಂಗ್ ಲಾದಲ್ಲಿ ಅರ್ಧಕ್ಕೆ ಸಮೀಪ.

ಹೀಟರಿನ ಬ್ಲೋವರು ಅದೇ ವೇಗದಲ್ಲಿ ತಿರುಗಿದರೂ ಅಲ್ಲಿ ಊದುವ ಆಮ್ಲಜನಕ ಕಡಿಮೆ. ಪಂಪು ಮಾತ್ರ ಮೊದಲಿನಷ್ಟೇ ಡೀಸೆಲ್ ಕೊಡುತ್ತದೆ. ಉರಿಯದೆ ಉಳಿದ ಇಂಧನ ಮಸಿಯಾಗಿ ದಹನ ಕೋಶದಲ್ಲಿ ಕಟ್ಟಿಕೊಳ್ಳುತ್ತದೆ, ಮಾನಾಕ್ಸೈಡ್ ಏರುತ್ತದೆ, ಕೆಲವು ದಿನಗಳಲ್ಲಿ ಹೀಟರು ಹೊತ್ತುವುದನ್ನೇ ನಿಲ್ಲಿಸುತ್ತದೆ. ಯುರೋಪಿನ ಅನೇಕ ಹೀಟರುಗಳನ್ನು ನಿರಂತರ ಬಳಕೆಗೆ ಸುಮಾರು 1,500 ಮೀಟರಿನವರೆಗೆ ಮಾತ್ರ ಹೊಂದಿಸಿರುತ್ತಾರೆ. ಅದಕ್ಕೂ ಮೇಲೆ ಗಾಳಿಯ ಒತ್ತಡವನ್ನಳೆದು ಇಂಧನವನ್ನು ತಗ್ಗಿಸುವ ಹೆಚ್ಚುವರಿ ಜೋಡಣೆ ಬೇಕು. ಇಂಧನ ತಗ್ಗಿದರೆ ಶಾಖವೂ ತಗ್ಗುವುದೆಂಬುದು ನೆನಪಿರಲಿ. ತಗ್ಗಿನಲ್ಲಿ 2 ಕಿಲೋವಾಟ್ ಸಾಕೆಂದು ಲೆಕ್ಕ ಹಾಕಿದ ಕ್ಯಾಬಿನ್ನಿಗೆ ಮೇಲೆ ಇನ್ನೂ ದೊಡ್ಡ ಹೀಟರೇ ಬೇಕಾಗುತ್ತದೆ. ಹೀಗಾಗಿ ಸ್ವೀಡನ್ನಿನಲ್ಲಿ ಮೈನಸ್ 46 ಡಿಗ್ರಿಯ ಪರೀಕ್ಷೆ ಗೆದ್ದ ಉಪಕರಣ ಮೈನಸ್ 25 ಡಿಗ್ರಿಯ ಲಡಾಖಿನಲ್ಲಿ ಸೋತರೆ ಆಶ್ಚರ್ಯಪಡಬೇಕಾಗಿಲ್ಲ. 2020ರ ನಂತರ ಪೂರ್ವ ಲಡಾಖಿನಲ್ಲಿ ಟಿ-72, ಟಿ-90 ಟ್ಯಾಂಕುಗಳು ಚಳಿಗಾಲವಿಡೀ ನಿಲ್ಲತೊಡಗಿದ ಮೇಲೆ ಇದು ಪ್ರಯೋಗಾಲಯದ ಪ್ರಶ್ನೆಯಾಗಿ ಉಳಿದಿಲ್ಲ. ಉತ್ತರ ಧ್ರುವ ವಲಯಕ್ಕೆಂದು ಸ್ವೀಡನ್ನಿನಲ್ಲಿ ರಚಿತವಾದ ಬಿವಿಎಸ್-10 ವಾಹನವನ್ನು 'ಸಿಂಧು' ಎಂಬ ಹೆಸರಿನಲ್ಲಿ ನಮ್ಮ ಸೇನೆಗೆ ತಯಾರಿಸಿಕೊಡುವ ಗುತ್ತಿಗೆ 2025ರಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಗೆ ದೊರೆತಿದೆ. ಇಂತಹ ಯೋಜನೆಗಳಲ್ಲಿ ಎತ್ತರದ ಅನುಭವವನ್ನು ಒದಗಿಸಬೇಕಾದವರು ನಾವು. ಸಹಕಾರದಲ್ಲಿ ನಮ್ಮ ಕಡೆಯ ಬಂಡವಾಳವೆಂದರೆ ಅದು.

ಒಂದೇ ಪೆಟ್ಟಿಗೆ, ಎರಡು ಹೆಸರು

ವ್ಯಾಪಾರಿಗಳು ಎಡವುವ ಸ್ಥಳವೊಂದಿದೆ. ಲಾರಿಗೆ ಮಾರುವ ಹೀಟರ್ ಸಾಮಾನ್ಯ ಸರಕು. ಅದನ್ನೇ ಸೇನಾ ವಾಹನಕ್ಕೆಂದು ವಿಶೇಷವಾಗಿ ಮಾರ್ಪಡಿಸಿದರೆ ಅದು ರಫ್ತು ನಿಯಂತ್ರಣಕ್ಕೊಳಪಟ್ಟ ಸರಕಾಗಬಹುದು. ಜರ್ಮನಿಯಿಂದ ತರಿಸಿಕೊಳ್ಳುವಾಗ ಅಲ್ಲಿನ ಸರ್ಕಾರದ ಪರವಾನಗಿ ಬೇಕಾಗುತ್ತದೆ. ಇಲ್ಲಿಂದ ಕಳುಹಿಸುವಾಗಲೂ ಅಷ್ಟೆ: ನಮ್ಮ ಸ್ಕೋಮೆಟ್ ಪಟ್ಟಿಗೆ 2017ರಲ್ಲಿ ಸೇರಿದ ಆರನೆಯ ವರ್ಗವು ಸೇನಾ ಭೂವಾಹನಗಳನ್ನೂ ಅವುಗಳ ಭಾಗಗಳನ್ನೂ ಒಳಗೊಂಡಿದ್ದು, ಅವಕ್ಕೆ ರಕ್ಷಣಾ ಉತ್ಪಾದನಾ ಇಲಾಖೆಯ ಅನುಮತಿ ಪಡೆಯಬೇಕು. ಬೆಲೆ ಹೇಳುವ ಮುನ್ನವೇ, ತಮ್ಮ ಭಾಗವು ಸಾಮಾನ್ಯ ಮಾದರಿಯೋ ವಿಶೇಷ ಮಾದರಿಯೋ ಎಂಬುದನ್ನು ಖರೀದಿದಾರರಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಲೇಸು.

ಸಣ್ಣ ಉದ್ದಿಮೆ ಎಲ್ಲಿ ಪ್ರವೇಶಿಸಬಹುದು?

ಇಡೀ ಹೀಟರನ್ನು ತಯಾರಿಸಹೊರಡುವುದು ಪೀಣ್ಯದ ಮಧ್ಯಮ ಗಾತ್ರದ ಘಟಕಕ್ಕೂ ಭಾರವಾದೀತು. ಗ್ಲೋ ಪಿನ್ ಮತ್ತು ಇಂಧನ ಪಂಪು ಎರಡೂ ಕೆಲವೇ ತಯಾರಕರ ಕೈಯಲ್ಲಿರುವ ವಿದ್ಯೆ. ಆದರೆ ವಿನಿಮಯಕದ ಅಲ್ಯೂಮಿನಿಯಂ ಎರಕ, ಸ್ಟೇನ್‌ಲೆಸ್ ಉಕ್ಕಿನ ದಹನ ಕೋಶ, ಬಾಗುವ ಹೊಗೆ ಕೊಳವೆ, ವೈರಿಂಗ್ ಜೋಡಣೆ, ಎತ್ತರಕ್ಕೆ ತಕ್ಕಂತೆ ಇಂಧನವನ್ನು ಹೊಂದಿಸುವ ನಿಯಂತ್ರಣ ಫಲಕ ಇವು ನಮ್ಮ ರಾಜ್ಯದಲ್ಲಿ ಕುಶಲತೆ ಇರುವ ಕೆಲಸಗಳೇ. ಕೊನೆಯದಕ್ಕಂತೂ ಬೆಂಗಳೂರಿಗಿಂತ ತಕ್ಕ ಸ್ಥಳ ದೇಶದಲ್ಲಿ ಕಾಣದು.

2005ರ ರಕ್ಷಣಾ ಖರೀದಿ ವಿಧಾನದಲ್ಲಿ ಬಂದ ಆಫ್‌ಸೆಟ್ ನಿಯಮವು, 300 ಕೋಟಿ ರೂಪಾಯಿ ಮೀರಿದ ವಿದೇಶಿ ಗುತ್ತಿಗೆಗಳಲ್ಲಿ ಶೇಕಡಾ 30ರಷ್ಟು ಮೌಲ್ಯದ ಕೆಲಸವನ್ನು ಭಾರತದಲ್ಲಿ ಮಾಡಿಸಬೇಕೆಂದಿತ್ತು. 2016ರಲ್ಲಿ ಆ ಮಿತಿಯನ್ನು 2,000 ಕೋಟಿಗೆ ಏರಿಸಲಾಯಿತು. 2020ರ ವಿಧಾನವು ಸರ್ಕಾರ ಸರ್ಕಾರಗಳ ನಡುವಿನ ಖರೀದಿಗೆ ಆಫ್‌ಸೆಟ್ಟನ್ನೇ ಕೈಬಿಟ್ಟಿತು. ಆದ್ದರಿಂದ ಆಫ್‌ಸೆಟ್ಟನ್ನೇ ನೆಚ್ಚಿ ಯಂತ್ರ ಕೊಳ್ಳುವುದು ಜಾಣತನವಲ್ಲ.

ದೊಡ್ಡ ಅಡಚಣೆ ಪರೀಕ್ಷೆಯದು. ಸಾಮಾನ್ಯ ಶೀತಕೋಣೆಗಳು ವಿದ್ಯುನ್ಮಾನ ಸಾಧನಗಳಿಗಾಗಿ ಕಟ್ಟಿದವು; ಒಳಗೆ ಬೆಂಕಿ ಉರಿಯುತ್ತ, ಹೊಗೆ ಹೊರಹೋಗುತ್ತ, ಗಾಳಿಯ ಒತ್ತಡ ಮಾತ್ರ ತಗ್ಗಿನಲ್ಲೇ ನಿಲ್ಲಬೇಕೆಂದರೆ ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. 2020ರಲ್ಲಿ ಆರಂಭವಾದ ರಕ್ಷಣಾ ಪರೀಕ್ಷಾ ಮೂಲಸೌಕರ್ಯ ಯೋಜನೆಯಡಿ ಇಂತಹ ಸೌಕರ್ಯಕ್ಕೆ ಶೇಕಡಾ 75ರವರೆಗೆ ಸರ್ಕಾರದ ಅನುದಾನ ದೊರೆಯುವ ಅವಕಾಶ ಕಲ್ಪಿಸಲಾಗಿತ್ತು. ಉಳಿದುದನ್ನು ಉದ್ಯಮಿಗಳ ಕೂಟ ಹೊರಬೇಕು. ಒಬ್ಬರಿಗೆ ಭಾರವಾದುದು ಹತ್ತು ಜನರಿಗೆ ಹಗುರ.

ಕೋಣೆಯ ಪರೀಕ್ಷೆ ಗೆದ್ದ ಮೇಲೂ ಸೇನೆಯ ಚಳಿಗಾಲದ ಪರೀಕ್ಷೆ ಉಳಿದೇ ಇರುತ್ತದೆ. ಅದು ನಡೆಯುವುದು ಡಿಸೆಂಬರಿನಿಂದ ಫೆಬ್ರವರಿಯ ತನಕ ಮಾತ್ರ. ಜೋಜಿ ಲಾ ಘಟ್ಟವನ್ನು ಹಿಮ ಮುಚ್ಚುವ ಮುನ್ನ ಉಪಕರಣವೂ ಬದಲಿ ಭಾಗಗಳೂ ಲೇಹ್ ಸೇರಿರಬೇಕು. ಒಂದು ಗ್ಯಾಸ್ಕೆಟ್ ಮರೆತರೂ ಮುಂದಿನ ಅವಕಾಶ ಮರುವರ್ಷವೇ. ಬ್ಯಾಂಕಿನಲ್ಲಿ ಸಾಲದ ಅರ್ಜಿ ಸಲ್ಲಿಸುವಾಗ ದುಡಿಯುವ ಬಂಡವಾಳದ ಲೆಕ್ಕವನ್ನು ಎರಡು ಚಳಿಗಾಲಗಳಿಗೆ ಹಾಕಿ ತೋರಿಸುವುದು ಸೂಕ್ತ.