ಗುಂಡಿಯ ಮೇಲಿನ ಮಾತು

ಗಣಕಯಂತ್ರದ ಸೆಟ್ಟಿಂಗ್ಸ್ ಚೌಕವೊಂದು ತೆರೆದಾಗ ಅಲ್ಲಿ ಬರೆದುದನ್ನೆಲ್ಲ ನಾವು ಓದುವುದಿಲ್ಲ. ಕಣ್ಣು ನೇರವಾಗಿ ಕೆಳಗಿನ ಗುಂಡಿಗಳ ಕಡೆಗೆ ಹರಿಯುತ್ತದೆ. ಅವುಗಳ ಮೇಲಿರುವುದು ಒಂದೆರಡು ಪದ ಮಾತ್ರ. ಆ ಪದವನ್ನು ತಪ್ಪಾಗಿ ಗ್ರಹಿಸಿದರೆ ದಿನವೆಲ್ಲ ಬರೆದ ಬರಹವೂ ತುಂಬಿದ ಅರ್ಜಿಯೂ ಕ್ಷಣಮಾತ್ರದಲ್ಲಿ ಅಳಿದುಹೋಗಬಹುದು. ಆದುದರಿಂದ ಈ ಕಿರುಬರಹವನ್ನು ಭಾಷೆಯ ದೃಷ್ಟಿಯಿಂದ ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಕೆಲವು ಮಾತುಗಳು ಸಂಗತಿಯನ್ನು ವರ್ಣಿಸುವುದಿಲ್ಲ, ಆಡಿದೊಡನೆ ಕಾರ್ಯವನ್ನೇ ಎಸಗುತ್ತವೆ ಎಂದು ಜೆ. ಎಲ್. ಆಸ್ಟಿನ್ ಅವರು 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಪ್ರತಿಪಾದಿಸಿದರು. 1962ರಲ್ಲಿ ಅವು ಗ್ರಂಥವಾಗಿ ಪ್ರಕಟವಾದವು. ಗುಂಡಿಯ ಮಾತು ಈ ಜಾತಿಯದು. ಒತ್ತುವುದೇ ಆಡುವುದು, ಆಡುವುದೇ ಮಾಡುವುದು.

ಇಂಥ ಮಾತನ್ನು ಆರಿಸುವುದು ಸುಲಭವಲ್ಲ. ಆಪಲ್ ಸಂಸ್ಥೆ 1983ರಲ್ಲಿ ಹೊರತಂದ ಲಿಸಾ ಯಂತ್ರದ ನಿರ್ಮಾಣಕಾಲದಲ್ಲಿ, ‘ಇದನ್ನು ಮಾಡು’ ಎಂಬರ್ಥದ ‘ಡೂ ಇಟ್’ ಎಂಬ ಗುಂಡಿಯಿತ್ತು. ಪದಗಳ ನಡುವಣ ತೆರಪು ಕಣ್ಣಿಗೆ ಬೀಳದೆ, ದೊಡ್ಡ ‘ಐ’ ಅಕ್ಷರವು ಸಣ್ಣ ‘ಎಲ್’ನಂತೆ ತೋರಿ, ಪರೀಕ್ಷೆಗೆ ಬಂದವರೊಬ್ಬರು ಅದನ್ನು ‘ಡೋಲ್ಟ್’, ಅಂದರೆ ‘ಮೂಢ’, ಎಂದು ಓದಿ ನೊಂದುಕೊಂಡರೆಂದು ಅಂದಿನ ತಂತ್ರಜ್ಞರು ಸ್ಮರಿಸಿದ್ದಾರೆ. ಅನಂತರ ಆ ಸ್ಥಾನಕ್ಕೆ ‘ಓಕೆ’ ಬಂದಿತು. ಬಳಸುವವರ ಪಕ್ಕದಲ್ಲಿ ಕುಳಿತು ನೋಡಿದುದರಿಂದಲೇ ಈ ದೋಷ ಗೋಚರವಾಯಿತೆಂಬುದು ಗಮನಾರ್ಹ.

‘ಓಕೆ’ಯಲ್ಲಿಯೂ ಕೊರತೆಯುಂಟು. ಅದು ಒಪ್ಪಿಗೆಯನ್ನು ಸೂಚಿಸುತ್ತದೆ, ಕಾರ್ಯವನ್ನು ಹೆಸರಿಸುವುದಿಲ್ಲ. 1995ರ ವಿಂಡೋಸ್‌ನಿಂದ ರೂಢಿಗೆ ಬಂದ ‘ಓಕೆ, ಕ್ಯಾನ್ಸಲ್, ಅಪ್ಲೈ’ ಎಂಬ ಮೂರು ಗುಂಡಿಗಳನ್ನು ನೋಡೋಣ. ‘ಅಪ್ಲೈ’ ಬದಲಾವಣೆಯನ್ನು ಜಾರಿಗೆ ತಂದು ಚೌಕವನ್ನು ತೆರೆದೇ ಇಡುತ್ತದೆ. ‘ಓಕೆ’ ಜಾರಿಗೆ ತಂದು ಮುಚ್ಚುತ್ತದೆ. ಒಮ್ಮೆ ‘ಅಪ್ಲೈ’ ಒತ್ತಿದ ಮೇಲೆ ‘ಕ್ಯಾನ್ಸಲ್’ ಒತ್ತಿದರೆ, ಜಾರಿಯಾದುದು ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಪದವು ಕೊಟ್ಟ ಭರವಸೆಯನ್ನು ಯಂತ್ರ ನಡೆಸಿಕೊಡಲಿಲ್ಲವೆಂದು ಬಳಸುವವನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಕನ್ನಡಕ್ಕೆ ಬಂದಾಗ ತೊಡಕು ಹೆಚ್ಚುತ್ತದೆ. ಸಂದರ್ಭವರಿಯದ ಅನುವಾದಕನ ಕೈಯಲ್ಲಿ ‘ಅಪ್ಲೈ’ ಎಂಬುದು ‘ಅನ್ವಯಿಸು’ ಆಗುವ ಬದಲು ‘ಅರ್ಜಿ ಸಲ್ಲಿಸು’ ಆಗಬಹುದು. ‘ಚಂದಾ ರದ್ದುಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ಸರಿ’, ‘ರದ್ದುಮಾಡು’ ಎಂದಿದ್ದರೆ, ಎರಡನೆಯದು ರದ್ದುಮಾಡುವುದು ಚಂದಾವನ್ನೋ ಪ್ರಶ್ನೆಯನ್ನೋ? ‘ಬದಲಾವಣೆಗಳನ್ನು ಉಳಿಸದೆ ಮುಚ್ಚಬೇಕೆ?’ ಎಂಬಲ್ಲಿ ಅವಸರದ ಕಣ್ಣು ‘ಉಳಿಸ’ ಎಂಬಷ್ಟನ್ನೇ ಹಿಡಿದು ‘ಹೌದು’ ಒತ್ತಿಬಿಡುತ್ತದೆ; ನಿಷೇಧದ ‘ದೆ’ ಒಂದೇ ಅಕ್ಷರ, ನಷ್ಟ ಇಡೀ ಬರಹದ್ದು. ಅಲ್ಲಿ ‘ಉಳಿಸಿ ಮುಚ್ಚು’, ‘ಉಳಿಸದೆ ಮುಚ್ಚು’, ‘ಬರಹಕ್ಕೆ ಹಿಂದಿರುಗು’ ಎಂದು ಬರೆದರೆ, ಪ್ರಶ್ನೆಯನ್ನು ಓದದವನೂ ಎಡವುವ ಸಂಭವ ಕಡಮೆ.

ಇನ್ನು ‘ಉಳಿಸು’ ಎನ್ನಬೇಕೋ ‘ಉಳಿಸಿ’ ಎನ್ನಬೇಕೋ? ಎರಡೂ ರೂಪಗಳು ಬಳಕೆಯಲ್ಲಿವೆ. ಹಿರಿಯರನ್ನು ಯಂತ್ರವು ಏಕವಚನದಲ್ಲಿ ಕರೆಯಬಾರದೆಂಬುದು ‘ಉಳಿಸಿ’ಯ ಪರವಾದ ವಾದ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಮಾತನಾಡುವವರು ಯಾರೆಂಬುದನ್ನು ಮೊದಲು ನಿಶ್ಚಯಿಸಬೇಕು. ಗುಂಡಿಯನ್ನು ಒತ್ತುವಾಗ ಮನುಷ್ಯನು ಯಂತ್ರಕ್ಕೆ ಆಜ್ಞೆಯೀಯುತ್ತಾನೆ. ಅಲ್ಲಿ ‘ಉಳಿಸು’ ಎಂಬುದೇ ಸಹಜ. ಪ್ರಶ್ನೆಯನ್ನೋ ಸೂಚನೆಯನ್ನೋ ಯಂತ್ರವು ಮನುಷ್ಯನಿಗೆ ಹೇಳುತ್ತದೆ. ಅಲ್ಲಿ ‘ಹೆಸರನ್ನು ಬರೆಯಿರಿ’ ಎಂಬ ಬಹುವಚನವೇ ಉಚಿತ. ಅಲ್ಲದೆ ‘ಉಳಿಸಿ’ ಎಂಬುದು ವಿಧಿರೂಪವೂ ಹೌದು, ‘ಉಳಿಸಿ ಮುಚ್ಚು’ ಎಂಬಲ್ಲಿಯಂತೆ ಕೃದಂತವೂ ಹೌದು. ‘ಉಳಿಸು’ ಎಂಬುದರಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ.

ಮೇಲ್ಕಂಡ ವಿಚಾರದಿಂದ ಒಂದು ಸೂತ್ರ ದೊರೆಯುತ್ತದೆ: ಗುಂಡಿಯು ನಡೆಯಲಿರುವ ಕಾರ್ಯವನ್ನು ಹೆಸರಿಸಬೇಕು, ಪ್ರಶ್ನೆಯನ್ನು ಮುಚ್ಚಿಟ್ಟು ಗುಂಡಿಗಳನ್ನಷ್ಟೇ ಓದಿದರೂ ಪರಿಣಾಮ ತಿಳಿಯಬೇಕು. ಈ ಪರೀಕ್ಷೆಗೆ ಉಪಕರಣಗಳೇನೂ ಬೇಡ, ಒಂದು ಚೂರು ಕಾಗದ ಸಾಕು. ನಮ್ಮ ವಿದ್ಯಾರ್ಥಿಗಳು ಇದನ್ನು ತಾವು ನಿತ್ಯ ಬಳಸುವ ಕನ್ನಡ ತಂತ್ರಾಂಶಗಳ ಮೇಲೆ ಪ್ರಯೋಗಿಸಿ ನೋಡುವರೆಂದು ಆಶಿಸುತ್ತೇವೆ.