ಮಂಡಿ ಉಳಿದರೆ ಗಾಲಿ ಉರುಳೀತು: ನಡುವಯಸ್ಸು ದಾಟಿದ ಲಾಂಗ್‌ಬೋರ್ಡ್ ಸವಾರರು ಅರಿಯಬೇಕಾದದ್ದು

2024ರ ಆಗಸ್ಟ್ 7. ಪ್ಯಾರಿಸ್ ನಗರದ ಪ್ಲಾಸ್ ದ ಲಾ ಕಾಂಕಾರ್ಡ್ ಚೌಕದಲ್ಲಿ ಒಲಿಂಪಿಕ್ಸ್ ಸ್ಕೇಟ್‌ಬೋರ್ಡಿಂಗ್ ಸ್ಪರ್ಧೆ. ಮಕ್ಕಳ ವಯಸ್ಸಿನ ಎದುರಾಳಿಗಳ ನಡುವೆ ಬ್ರಿಟನ್ನಿನ ಆಂಡಿ ಮೆಕ್‌ಡೊನಾಲ್ಡ್ ಹಲಗೆ ಹಿಡಿದು ನಿಂತಾಗ ಅವರಿಗೆ 51 ತುಂಬಿ ಒಂದು ವಾರವಷ್ಟೇ ಆಗಿತ್ತು. ಅದೇ ಕೂಟದ ಮಹಿಳಾ ವಿಭಾಗದಲ್ಲಿ ಚೀನಾ ಕಣಕ್ಕಿಳಿಸಿದ್ದ ಜೆಂಗ್ ಹಾವೊಹಾವೊಗೆ 11 ವರ್ಷ. ಮೆಕ್‌ಡೊನಾಲ್ಡ್ ಫೈನಲ್ ತಲುಪಲಿಲ್ಲ. ಆದರೆ ಸ್ಕೇಟ್‌ಬೋರ್ಡ್ ಎಂಬುದು ಹುಡುಗರ ಆಟವೆಂಬ ನಂಬಿಕೆಯನ್ನು ಅಂದು ಅವರು ಅಲುಗಾಡಿಸಿದ್ದು ನಿಜ.

ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಈ ಆಟದ ಅತಿ ಪ್ರಸಿದ್ಧ ಹೆಸರಾದ ಅಮೆರಿಕದ ಟೋನಿ ಹಾಕ್ 2022ರ ಮಾರ್ಚ್‌ನಲ್ಲಿ, ತಮ್ಮ 53ನೇ ವಯಸ್ಸಿನಲ್ಲಿ, ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅದೇ ತಿಂಗಳು ಆಸ್ಕರ್ ಸಮಾರಂಭಕ್ಕೆ ಊರುಗೋಲು ಹಿಡಿದು ಬಂದರು. ಬಳಿಕ ಹಲಗೆಯನ್ನೂ ಏರಿದರು. ಆದರೆ ಮೂಳೆ ಸರಿಯಾಗಿ ಕೂಡಿಕೊಳ್ಳದ ಕಾರಣ 2023ರ ಆರಂಭದಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಉತ್ಸಾಹಕ್ಕೆ ವಯಸ್ಸಿಲ್ಲದಿರಬಹುದು, ಮೂಳೆಗೆ ಮತ್ತು ಕೀಲಿಗೆ ವಯಸ್ಸಿದೆ.

ಹಾಗೆಂದು ನಲವತ್ತು, ಐವತ್ತು ದಾಟಿದವರು ಹಲಗೆಯನ್ನು ಅಟ್ಟಕ್ಕೆ ಎಸೆಯಬೇಕಾಗಿಲ್ಲ. ಅಂಥವರಲ್ಲಿ ಹೆಚ್ಚಿನವರು ಜಿಗಿತ, ಲಾಗಗಳನ್ನು ಬಿಟ್ಟು ಲಾಂಗ್‌ಬೋರ್ಡ್‌ನತ್ತ ಹೊರಳುತ್ತಾರೆ. ಸರಿಯಾದ ಸಲಕರಣೆ ಮತ್ತು ಕೀಲುಗಳ ಬಗ್ಗೆ ಕೊಂಚ ತಿಳಿವಳಿಕೆ ಇದ್ದಲ್ಲಿ ಈ ಹವ್ಯಾಸವನ್ನು ಬಹುಕಾಲ ಉಳಿಸಿಕೊಳ್ಳಲು ಸಾಧ್ಯ.

ಅಲೆಯಿಂದ ರಸ್ತೆಗೆ

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅಲೆ ಸವಾರರು, ಕಡಲು ಶಾಂತವಾಗಿದ್ದ ದಿನಗಳಲ್ಲಿ ಮರದ ಹಲಗೆಗೆ ಗಾಲಿ ಜೋಡಿಸಿ ರಸ್ತೆಯಲ್ಲಿ ತೇಲಲಾರಂಭಿಸಿದ್ದೇ ಈ ಆಟದ ಮೂಲ. ನಮ್ಮ ಮುಲ್ಕಿ, ಸಸಿಹಿತ್ಲು ಕಡಲತೀರಗಳಲ್ಲಿ ಅಲೆ ಸವಾರಿಯನ್ನು ಕಂಡವರಿಗೆ ಈ ನಂಟು ಬೇಗ ಅರ್ಥವಾದೀತು. ಆರಂಭದಲ್ಲಿ ಲೋಹದ ಗಾಲಿ, ನಂತರ ಜೇಡಿಮಣ್ಣಿನ ಮಿಶ್ರಣದ ಗಾಲಿ ಬಳಕೆಯಲ್ಲಿದ್ದವು. ಸಣ್ಣ ಕಲ್ಲು ಅಡ್ಡ ಬಂದರೂ ಗಾಲಿ ಕಚ್ಚಿ ನಿಂತು ಸವಾರ ಮುಗ್ಗರಿಸುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬವರು ಯುರೆಥೇನ್ ಗಾಲಿಗಳನ್ನು ಬಳಕೆಗೆ ತಂದ ಮೇಲೆ ಚಿತ್ರವೇ ಬದಲಾಯಿತು. ಇಂದಿನ ಎಲ್ಲ ಹಲಗೆಗಳ ಗಾಲಿಯೂ ಅದೇ ವಸ್ತುವಿನ ಸುಧಾರಿತ ರೂಪ.

ಸಾಮಾನ್ಯ ಸ್ಕೇಟ್‌ಬೋರ್ಡ್‌ನ ಉದ್ದ 32 ಅಂಗುಲದ ಆಸುಪಾಸು. ಲಾಂಗ್‌ಬೋರ್ಡ್ ಇದಕ್ಕಿಂತ ಉದ್ದ. 36ರಿಂದ 44 ಅಂಗುಲದವು ಹೆಚ್ಚು ಬಳಕೆಯಲ್ಲಿವೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ ಹೆಚ್ಚಿರುವುದರಿಂದ ಹಲಗೆ ಸ್ಥಿರವಾಗಿ ಸಾಗುತ್ತದೆ. ಇದು ಜಿಗಿಯಲು ಅಲ್ಲ, ಸಾಗಲು ಮಾಡಿದ ವಾಹನ. ಕೀಲುಗಳ ದೃಷ್ಟಿಯಿಂದ ಇದೇ ಮೊದಲ ಲಾಭ.

ಎತ್ತರ ಕಡಿಮೆ, ಮಂಡಿಗೆ ನೆಮ್ಮದಿ

ಹಲಗೆ ಕೊಳ್ಳುವಾಗ ಹೆಚ್ಚಿನವರು ಬಣ್ಣ, ಚಿತ್ತಾರ ನೋಡುತ್ತಾರೆ. ವಯಸ್ಸಾದವರು ಮೊದಲು ನೋಡಬೇಕಾದದ್ದು ನೆಲದಿಂದ ಅದರ ಎತ್ತರವನ್ನು. ಸವಾರ ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದು ಕಾಲಿನಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತಾನೆ. ತಳ್ಳುವ ಕಾಲು ನೆಲ ಮುಟ್ಟಬೇಕಾದರೆ ಹಲಗೆಯ ಮೇಲಿರುವ ಕಾಲಿನ ಮಂಡಿ ಬಾಗಲೇಬೇಕು. ಅಂದರೆ ಪ್ರತಿ ತಳ್ಳಿಕೆಯೂ ಒಂಟಿ ಕಾಲಿನ ಸಣ್ಣ ಬಸ್ಕಿಯೇ. ಕೆಲವು ಕಿಲೋಮೀಟರ್ ಸವಾರಿಯಲ್ಲಿ ಇಂಥ ಬಸ್ಕಿ ನೂರಾರು ಬಾರಿ ನಡೆಯುತ್ತದೆ. ಹಲಗೆ ಒಂದು ಅಂಗುಲ ತಗ್ಗಿದ್ದರೂ ಮಂಡಿಯ ಮೇಲಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಟ್ರಕ್, ಅಂದರೆ ಗಾಲಿ ಹಿಡಿದಿರುವ ಲೋಹದ ಅಚ್ಚು, ಹಲಗೆಯ ಅಡಿಗೆ ಜೋಡಿಸಿದ್ದರೆ ಅದು ಟಾಪ್ ಮೌಂಟ್. ಹಲಗೆಯನ್ನು ಕೊರೆದು ಅದರೊಳಗಿನಿಂದ ಟ್ರಕ್ ತೂರಿಸಿದ್ದರೆ ಡ್ರಾಪ್ ಥ್ರೂ. ಹಲಗೆಯ ನಡುಭಾಗವನ್ನೇ ತಗ್ಗಿಸಿದ್ದರೆ ಡ್ರಾಪ್ ಡೆಕ್. ಎರಡೂ ಸೇರಿದ್ದರೆ ಡಬಲ್ ಡ್ರಾಪ್. ಇದು ಎಲ್ಲಕ್ಕಿಂತ ತಗ್ಗಿನದು. ದೂರದ ನಿಧಾನ ಸವಾರಿಗೆ ಮತ್ತು ಮಂಡಿ ನೋವಿರುವವರಿಗೆ ಡ್ರಾಪ್ ಥ್ರೂ ಅಥವಾ ಡಬಲ್ ಡ್ರಾಪ್ ಹೆಚ್ಚು ಸೂಕ್ತ. ರಸ್ತೆ ಉಬ್ಬುಗಳಿಗೆ ತಳ ತಾಗುವ ಸಂಭವ ಇವುಗಳಲ್ಲಿ ಹೆಚ್ಚೆಂಬುದನ್ನು ಮಾತ್ರ ಮರೆಯಬಾರದು.

ಹಲಗೆಯ ಬಾಗುವ ಗುಣವೂ ಮುಖ್ಯ. ಬಿದಿರು, ಮೇಪಲ್ ಪದರಗಳ ಮೆತ್ತನೆಯ ಹಲಗೆ ರಸ್ತೆಯ ಕುಲುಕಾಟವನ್ನು ಒಂದಿಷ್ಟು ತಾನೇ ನುಂಗುತ್ತದೆ. ಆದರೆ ಇಳಿಜಾರಿನ ವೇಗದಲ್ಲಿ ಅದು ಅಸ್ಥಿರ. ತಯಾರಕರು ಸೂಚಿಸುವ ದೇಹತೂಕದ ಮಿತಿಯನ್ನು ನೋಡಿಯೇ ಆರಿಸಬೇಕು.

ಗಾಲಿ ದೊಡ್ಡದಿರಲಿ, ಮೆದುವಿರಲಿ

ಗಾಲಿಗೆ ಎರಡು ಅಳತೆಗಳಿವೆ. ವ್ಯಾಸ ಮಿಲಿಮೀಟರಿನಲ್ಲಿ, ಗಡಸುತನ 'ಎ' ಮಾಪಕದಲ್ಲಿ. ಬೀದಿ ಸ್ಕೇಟ್‌ಬೋರ್ಡ್‌ನ ಗಾಲಿ 50ರಿಂದ 56 ಮಿ.ಮೀ., ಗಡಸುತನ 99ಎ ಆಸುಪಾಸು. ನುಣ್ಣನೆಯ ಕಾಂಕ್ರೀಟಿಗೆ ಅದು ಸರಿ. ಒರಟು ಡಾಂಬರಿನ ಮೇಲೆ ಅದರ ನಡುಕ ನೇರವಾಗಿ ಪಾದ, ಮಂಡಿಗಳಿಗೆ ಏರುತ್ತದೆ. ಲಾಂಗ್‌ಬೋರ್ಡ್‌ಗೆ 70ರಿಂದ 75 ಮಿ.ಮೀ. ವ್ಯಾಸದ, 78ಎ ಆಸುಪಾಸಿನ ಗಾಲಿ ಒಳ್ಳೆಯ ಆಯ್ಕೆ. ದೊಡ್ಡ ಗಾಲಿ ಬಿರುಕು, ಬೆಣಚುಕಲ್ಲುಗಳನ್ನು ಹತ್ತಿ ದಾಟುತ್ತದೆ. ಮೆದು ಗಾಲಿ ನಡುಕವನ್ನು ತಡೆಯುತ್ತದೆ. ತಿರುವಿನಲ್ಲಿ ಗಾಲಿ ಹಲಗೆಗೆ ಉಜ್ಜಿದರೆ ಸವಾರಿ ಥಟ್ಟನೆ ನಿಂತು ಬೀಳುವುದು ಖಚಿತ. ಆದ್ದರಿಂದ ದೊಡ್ಡ ಗಾಲಿ ಹಾಕುವ ಮುನ್ನ ಹಲಗೆಯನ್ನು ವಾಲಿಸಿ ಪರೀಕ್ಷಿಸಬೇಕು. ಉಜ್ಜುವುದಾದರೆ ಟ್ರಕ್ ಮತ್ತು ಹಲಗೆಯ ನಡುವೆ ರೈಸರ್ ಬಿಲ್ಲೆ ಹಾಕಿಸಬೇಕು.

ಗಾಲಿಯೊಳಗಿನ ಬೇರಿಂಗ್ ಎಲ್ಲೆಡೆ ಒಂದೇ ಅಳತೆಯದು: 608 ಎಂಬ ಸಂಖ್ಯೆಯ, 22 ಮಿ.ಮೀ. ಹೊರವ್ಯಾಸ, 8 ಮಿ.ಮೀ. ಒಳವ್ಯಾಸದ ಬೇರಿಂಗ್. ಅದರ ಮೇಲೆ ನಮೂದಿಸುವ ಎಬಿಇಸಿ ಅಂಕಿ ತಯಾರಿಕೆಯ ನಿಖರತೆಯ ಅಳತೆಯೇ ಹೊರತು ವೇಗದ ಅಳತೆಯಲ್ಲ. ದೊಡ್ಡ ಅಂಕಿಗೆ ದುಡ್ಡು ಸುರಿಯುವ ಬದಲು ಇರುವುದನ್ನು ಶುಚಿಯಾಗಿಡುವುದು ಲೇಸು. ಬೇರಿಂಗ್ ಬಿಗಿಯಾದಷ್ಟೂ ಹೆಚ್ಚು ಬಾರಿ ತಳ್ಳಬೇಕಾಗುತ್ತದೆ, ಆ ಹೊರೆ ಮತ್ತೆ ಮಂಡಿಗೇ. ಮಳೆಯಲ್ಲಿ ನೆನೆದರೆ ಬೇರಿಂಗ್‌ಗಳನ್ನು ತೆಗೆದು, ಆಲ್ಕೋಹಾಲ್‌ನಂಥ ದ್ರಾವಕದಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಂದೆರಡು ಹನಿ ತೆಳು ಎಣ್ಣೆ ಬಿಡಬೇಕು.

ಟ್ರಕ್‌ನೊಳಗಿನ ರಬ್ಬರಿನಂಥ ಬುಷ್‌ಗಳು ತಿರುವಿನ ಬಿಗಿತವನ್ನು ನಿರ್ಧರಿಸುತ್ತವೆ. ಇವು ಸವಾರನ ತೂಕಕ್ಕೆ ಹೊಂದಬೇಕು. ಭಾರದ ಸವಾರನಿಗೆ ಮೆದು ಬುಷ್ ಇದ್ದರೆ ವೇಗದಲ್ಲಿ ಹಲಗೆ ಅತ್ತಿತ್ತ ನಡುಗುತ್ತದೆ. ಹಗುರದವನಿಗೆ ಗಡಸು ಬುಷ್ ಇದ್ದರೆ ಪ್ರತಿ ತಿರುವಿಗೂ ಪಾದದ ಕೀಲು ತಿಣುಕಬೇಕಾಗುತ್ತದೆ. ಬಿರುಕು ಬಿಟ್ಟ ಬುಷ್ ಬದಲಿಸಲು ಹೆಚ್ಚಿನ ಖರ್ಚಿಲ್ಲ.

ತಲೆ, ಮಣಿಕಟ್ಟು, ಮಂಡಿ

ಹೆಲ್ಮೆಟ್ ಕಡ್ಡಾಯವೆಂದೇ ತಿಳಿಯಬೇಕು. ಸ್ಕೇಟ್‌ಬೋರ್ಡ್ ಹೆಲ್ಮೆಟ್‌ಗೆ ಅಮೆರಿಕದ ಎಎಸ್‌ಟಿಎಂ ಎಫ್1492 ಎಂಬ ಪ್ರತ್ಯೇಕ ಮಾನದಂಡವಿದೆ. ಕೊಳ್ಳುವಾಗ ಒಳಗಿನ ಚೀಟಿಯಲ್ಲಿ ಅದನ್ನು ಹುಡುಕಬೇಕು. ಗಡಸು ಥರ್ಮೋಕೋಲ್‌ನಂಥ ಒಳಪದರವಿರುವ ಹೆಲ್ಮೆಟ್ ಒಮ್ಮೆ ಬಲವಾದ ಪೆಟ್ಟು ತಿಂದರೆ, ಹೊರಗೆ ಏನೂ ಕಾಣದಿದ್ದರೂ, ಅದನ್ನು ಬದಲಿಸಲೇಬೇಕು.

ಬೀಳುವಾಗ ಕೈಯೂರುವುದು ಮನುಷ್ಯನ ಸಹಜ ಪ್ರವೃತ್ತಿ. ಹಾಗಾಗಿ ಮಣಿಕಟ್ಟಿನ ಮೂಳೆಗೇ ಮೊದಲ ಪೆಟ್ಟು. ಗಡಸು ಪಟ್ಟಿಯುಳ್ಳ ಮಣಿಕಟ್ಟು ರಕ್ಷಕ ಈ ಅಪಾಯವನ್ನು ತಗ್ಗಿಸುತ್ತದೆ. ಗಡಸು ಚಿಪ್ಪಿನ ಮಂಡಿ ರಕ್ಷಕ ತೊಟ್ಟವರು ಮಂಡಿಯ ಮೇಲೆ ಜಾರಿ ನಿಲ್ಲುವುದನ್ನು ಅಭ್ಯಾಸ ಮಾಡಬಹುದು. ಮುಟ್ಟು ನಿಂತ ಬಳಿಕ ಮಹಿಳೆಯರಲ್ಲಿ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುವುದರಿಂದ, ಅವರು ಸೊಂಟಕ್ಕೆ ಮೆತ್ತೆಯಿರುವ ಚಡ್ಡಿ ತೊಡುವುದು ಮತ್ತು ಮೂಳೆ ಸಾಂದ್ರತೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳಿತು.

ಇನ್ನೊಂದು ನಿಯಮವಿದೆ: ನಿಲ್ಲಿಸಲು ಕಲಿಯುವ ಮುನ್ನ ಇಳಿಜಾರಿಗೆ ಹೋಗಬಾರದು. ಓಡಬಲ್ಲ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹಲಗೆಯಿಂದ ಜಿಗಿದರೆ ಕಾಲು ದೇಹವನ್ನು ಹಿಡಿದು ನಿಲ್ಲಿಸಲಾರದು.

ಕೀಲು ಗಾಲಿಯಲ್ಲ

ಗಾಲಿ ಸವೆದಂತೆ ಕೀಲೂ ಸವೆಯುತ್ತದೆ ಎಂಬ ಮಾತು ಅರ್ಧ ಸತ್ಯ. ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನ ಮೇಲೆ ಭಾರ ಬಿದ್ದು ಇಳಿಯುವಾಗ ಅಲ್ಲಿನ ದ್ರವ ಒಳಹೊರಗೆ ಚಲಿಸಿ ಅದಕ್ಕೆ ಪೋಷಣೆ ಒದಗುತ್ತದೆ. ಅಂದರೆ ಹಿತಮಿತವಾದ ಚಲನೆಯೇ ಕೀಲಿನ ಆಹಾರ. ತೊಂದರೆ ಬರುವುದು ಹಳೆಯ ಗಾಯ, ಅತಿ ತೂಕ, ದುರ್ಬಲ ಸ್ನಾಯು ಮತ್ತು ಇದ್ದಕ್ಕಿದ್ದಂತೆ ಏರಿಸಿದ ಹೊರೆಯಿಂದ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನ ಅಸ್ಥಿಸಂಧಿವಾತದಿಂದ ಬಳಲುತ್ತಿದ್ದರು. ಹೆಚ್ಚು ಬಾಧಿತವಾದ ಕೀಲು ಮಂಡಿ. ಮಂಡಿ ಸಂಧಿವಾತವಿದ್ದ ಸ್ಥೂಲಕಾಯದ ಹಿರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು ತೋರಿಸಿತು. ದುಬಾರಿ ಹಲಗೆ ಮಾಡಲಾಗದ ಉಪಕಾರವನ್ನು ಹಗುರಾದ ದೇಹ ಮಾಡಬಲ್ಲದು.

ಸ್ನಾಯುಗಳೇ ಕೀಲಿನ ಬುಷ್‌ಗಳು. ತೊಡೆಯ ಮುಂಭಾಗ, ಪೃಷ್ಠ ಮತ್ತು ಮೀನಖಂಡದ ಸ್ನಾಯುಗಳು ಬಲವಾಗಿದ್ದರೆ ಆಘಾತವನ್ನು ಅವೇ ಹೊರುತ್ತವೆ. ಕೈಯ ಆಸರೆಯಿಲ್ಲದೆ ಕುರ್ಚಿಯಿಂದ ಎದ್ದು ಕೂರುವುದು, ಮೆಟ್ಟಿಲಿನಿಂದ ಒಂದು ಕಾಲನ್ನು ನಿಧಾನವಾಗಿ ಕೆಳಗಿಳಿಸುವುದು, ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು. ಇಷ್ಟಕ್ಕೆ ವ್ಯಾಯಾಮಶಾಲೆ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ, ವಯಸ್ಕರು ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆನ್ನುತ್ತದೆ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಹೇಳುತ್ತದೆ.

ಒಂದೇ ಕಾಲಿನಲ್ಲಿ ತಳ್ಳುವ ಅಭ್ಯಾಸ ವರ್ಷಗಳ ಮೇಲೆ ಎಡ, ಬಲ ಸೊಂಟಗಳ ನಡುವೆ ಅಸಮತೋಲನ ತರುತ್ತದೆ. ಸಮತಟ್ಟಾದ, ನಿರ್ಜನ ಜಾಗದಲ್ಲಿ ಇನ್ನೊಂದು ಕಾಲಿನಿಂದ ತಳ್ಳುವುದನ್ನೂ ಕಲಿತರೆ ಹೊರೆ ಹಂಚಿಹೋಗುತ್ತದೆ. ಹಲಗೆ ಏರುವ ಮುನ್ನ ಐದು ನಿಮಿಷ ಚುರುಕಾಗಿ ನಡೆದು, ಸೊಂಟ, ಮಂಡಿ, ಪಾದದ ಕೀಲುಗಳನ್ನು ತಿರುಗಿಸಿಕೊಳ್ಳುವುದು ಸಮಯ ವ್ಯರ್ಥವಲ್ಲ.

ನೋವಿನ ಭಾಷೆ

ಸವಾರಿಯ ಬಳಿಕ ಕಾಣುವ ಸಣ್ಣ ನೋವು ಮರುದಿನ ಬೆಳಗಿನೊಳಗೆ ಇಳಿದರೆ ಚಿಂತೆ ಬೇಡ. ಮರುದಿನ ಮಂಡಿ ಊದಿಕೊಂಡಿದ್ದರೆ ಹಿಂದಿನ ದಿನದ ದೂರ ಅತಿಯಾಯಿತೆಂದೇ ಅರ್ಥ. ಮುಂದಿನ ಸವಾರಿ ಅದಕ್ಕಿಂತ ಕಡಿಮೆಯಿರಬೇಕು. ಮಂಡಿ ಸಿಕ್ಕಿಹಾಕಿಕೊಳ್ಳುವುದು, ಹಠಾತ್ ಕುಸಿಯುವುದು, ರಾತ್ರಿ ನಿದ್ದೆ ಕೆಡಿಸುವ ನೋವು, ಜ್ವರದೊಂದಿಗೆ ಕೀಲು ಬಿಸಿಯಾಗಿ ಊದುವುದು. ಇವುಗಳಿಗೆ ವೈದ್ಯರೇ ಗತಿ. ಕೈಯೂರಿ ಬಿದ್ದ ಬಳಿಕ ಹೆಬ್ಬೆರಳಿನ ಬುಡದಲ್ಲಿ ನೋವು ಉಳಿದರೆ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಾಗಬಾರದು. ಅಲ್ಲಿನ ಸಣ್ಣ ಮೂಳೆಯ ಬಿರುಕು ಆರಂಭದಲ್ಲಿ ಕಾಣದಿರುವುದುಂಟು.

ನೋವಿನ ಮಾತ್ರೆ ನುಂಗಿ ಹಲಗೆ ಏರುವುದು ಅಪಾಯಕರ. ಅದು ದೇಹದ ಎಚ್ಚರಿಕೆಯನ್ನೇ ಮುಚ್ಚಿಹಾಕುತ್ತದೆ. ದೀರ್ಘಕಾಲ ಬಳಸಿದರೆ ಹೊಟ್ಟೆ, ಮೂತ್ರಪಿಂಡಗಳಿಗೂ ಹಾನಿ. ಇನ್ನು ಔಷಧ ಅಂಗಡಿಗಳಲ್ಲಿ ಧಾರಾಳವಾಗಿ ಬಿಕರಿಯಾಗುವ ಗ್ಲುಕೋಸಮೈನ್. 2006ರಲ್ಲಿ ಅಮೆರಿಕದಲ್ಲಿ 1,583 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂದಾಗ, ಒಟ್ಟಾರೆಯಾಗಿ ಅದು ಹುಸಿ ಮಾತ್ರೆಗಿಂತ ಗಣನೀಯವಾಗಿ ಮೇಲೆಂದು ಸಾಬೀತಾಗಲಿಲ್ಲ. ಮಂಡಿ ಸಂಧಿವಾತಕ್ಕೆ ಅದನ್ನು ಬಳಸಬಾರದೆಂದು ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಮಾರ್ಗಸೂಚಿ ವ್ಯಾಯಾಮವನ್ನು ಬಲವಾಗಿ ಶಿಫಾರಸು ಮಾಡುತ್ತದೆ.

ಅಮೆರಿಕದ ಪ್ರಕಾಶಕ ಲಾಯ್ಡ್ ಕಾನ್ ಸ್ಕೇಟ್‌ಬೋರ್ಡ್ ಏರಲು ಆರಂಭಿಸಿದ್ದು ತಮ್ಮ 65ನೇ ವಯಸ್ಸಿನಲ್ಲಿ. ಎಲ್ಲರೂ ಅವರಂತಾಗಬೇಕಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಪ್ರತಿ ಸವಾರಿಗೂ ಮುನ್ನ ಟ್ರಕ್‌ನ ನಟ್ ಸಡಿಲವಾಗಿದೆಯೇ, ಗಾಲಿ ತಿರುಗುತ್ತಿದೆಯೇ ಎಂದು ನೋಡುವ ಸವಾರ, ಅದೇ ಎರಡು ನಿಮಿಷದಲ್ಲಿ ತನ್ನ ಮಂಡಿಯನ್ನೂ ಒಮ್ಮೆ ಮಡಚಿ, ಬಿಡಿಸಿ ವಿಚಾರಿಸಿಕೊಳ್ಳಲಿ. ಅದು ಬೇಡವೆಂದ ದಿನ ಹಲಗೆ ಮನೆಯಲ್ಲೇ ಇರಲಿ.